ಅಜ್ಜನ ಕೈಗುರುತಿನ ಮೇಲೆ ಕೂತ ತಮ್ಮ ಬಣ್ಣದ ಕುರಿತು

ಮನೆಯಲ್ಲೇ ಕೋವಿಗೆ ಬಣ್ಣ ಸಿಂಪಡಿಸಿಕೊಳ್ಳುವ ಪೆಟ್ಟಿಗೆಯ ತಯಾರಕರಿಗೆ,

ಮಾನ್ಯರೇ,

ಮಿಶಿಗನ್ ರಾಜ್ಯದ ಉತ್ತರದ ತುದಿಯಿಂದ, ಮೊಣಕಾಲುದ್ದದ ಹಿಮ ದಾಟಿ ಬರುವ ಈ ಕಾಗದವು ಮೊದಲಿಗೆ ತಮಗೂ, ತಮ್ಮ ರಸಾಯನ ತಜ್ಞರಿಗೂ, ತಮ್ಮ ವೀಡಿಯೊದಲ್ಲಿ ನಗುತ್ತಲೇ ‘ಅಷ್ಟೇ ಕಣ್ರೀ, ಮುಗೀತು’ ಎನ್ನುವ ಗಡ್ಡದ ಮಹನೀಯರಿಗೂ ನಮ್ಮ ಕುಟುಂಬದ ವಂದನೆಗಳನ್ನು ತಲುಪಿಸಲಿ. ಕೊಂಡ ಸರಕು ಹೇಳಿದಂತೆ ಇರಲಿಲ್ಲ ಎಂದು ದೂರುವವರ ಕಾಗದಗಳು ತಮಗೆ ದಿನವೂ ಬರುತ್ತಿರಬಹುದು. ನನ್ನದು ಆ ಜಾತಿಯ ದೂರಲ್ಲ. ತಮ್ಮ ಬಣ್ಣ ತಾವು ಹೇಳಿದ ಹಾಗೆಯೇ ಇದೆ. ನಮ್ಮ ಕಷ್ಟವೇ ಅದು.

ಆ ಕೋವಿ ನಮ್ಮಜ್ಜ ಆರ್ವೋನದು. ಏಪ್ರಿಲ್‌ನಲ್ಲಿ ತೀರಿಕೊಂಡ. ನಮ್ಮಲ್ಲಿ ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರುವಾಗುತ್ತದೆ, ಅಂದು ಶಾಲೆಗಳಿಗೂ ರಜೆ. ನಲವತ್ತೊಂದು ನವೆಂಬರ್‌ಗಳಲ್ಲಿ ಅಜ್ಜ ಆ ಕೋವಿಯನ್ನು ಹೆಗಲಿಗೆ ಏರಿಸದೆ, ಅದರ ತೂಕ ಎರಡೂ ಕಡೆ ಸಮನಾಗುವ ಜಾಗದಲ್ಲಿ ಬಲಗೈಯಿಂದ ಹಿಡಿದು, ತೋಳು ಇಳಿಬಿಟ್ಟು ಕಾಡಿಗೆ ನಡೆದಿದ್ದ. ಹಾಗಾಗಿ ಆ ಜಾಗದಲ್ಲಿ ಉಕ್ಕಿನ ನೀಲಿಗಪ್ಪು ಮೆರುಗು ಸವೆದು, ಒಂದು ಅಂಗೈ ಅಗಲ ಹಳೆಯ ಚಮಚದ ಹಾಗೆ ಬೆಳ್ಳಗಾಗಿತ್ತು. ಆ ಬದಿಗೆ ನಾಲ್ಕು ಬೆರಳುಗಳ ಗುರುತೂ ಇತ್ತು. ಅಜ್ಜಿ ಲೆಂಪಿಗೆ ಈಗ ಎಪ್ಪತ್ತೊಂಬತ್ತು. ಈ ವರ್ಷ ತನ್ನ ಕೋವಿ ಮನೆಯಲ್ಲೇ ಬಿಟ್ಟು, ಗಂಡನ ಕೋವಿ ಹಿಡಿದು, ಅವನ ಕೈಯಿದ್ದ ಕಡೆ ಕೈಯಿಟ್ಟು ಕಾಡಿಗೆ ಹೋಗುವುದೆಂದು ಅವಳು ಬೇಸಿಗೆಯಿಂದಲೇ ನಿಶ್ಚಯಿಸಿದ್ದಳು. ಆದರೆ ಅವನ ಕೋವಿ ಒಯ್ಯುತ್ತೇನೆ ಎಂದಳೇ ಹೊರತು ಯಾಕೆಂದು ಯಾರಿಗೂ ಹೇಳಿರಲಿಲ್ಲ; ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅವಳ ಮಗ ಡೇಲ್, ಅಂದರೆ ನನ್ನಪ್ಪ, ಜಿಲ್ಲೆಯ ಹಿಮ ತಳ್ಳುವ ಲಾರಿಯ ಚಾಲಕ. ದುಃಖ ಬಂದರೆ ಅವನು ಅಳುವುದಿಲ್ಲ, ರಿಪೇರಿ ಮಾಡುತ್ತಾನೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅವನು ಮಾಡಿನ ಮಳೆನೀರಿನ ದೋಣಿ ಬದಲಾಯಿಸಿದ, ಕೆಡದೇ ಇದ್ದ ಬಟ್ಟೆ ಒಗೆಯುವ ಯಂತ್ರವನ್ನು ಬಿಚ್ಚಿ ಕೆಡಿಸಿ ಮತ್ತೆ ಸರಿಮಾಡಿದ, ಅಂಗಳದ ಮೆಟ್ಟಿಲನ್ನು ಎರಡು ಸಲ ಕಿತ್ತು ಕಟ್ಟಿದ. ರಿಪೇರಿಗೆ ಮನೆಯಲ್ಲಿ ಏನೂ ಉಳಿಯದಾದಾಗ ಅವನ ಕಣ್ಣು ಕೋವಿಯ ಆ ಬೋಳು ಜಾಗದ ಮೇಲೆ ಬಿತ್ತು. ಅಮ್ಮ ಇಷ್ಟು ಸವೆದ ಕೋವಿ ಹಿಡಿದು ಹೋಗಬಾರದು, ಹೊಸದರ ಹಾಗೆ ಮಾಡಿ ಹದಿನೈದರ ಬೆಳಿಗ್ಗೆ ಅವಳ ಕೈಗಿಡಬೇಕು ಎಂದುಕೊಂಡು, ಗುಟ್ಟಾಗಿ ತಮ್ಮ ಪೆಟ್ಟಿಗೆಯನ್ನು ತರಿಸಿಕೊಂಡ. ಬಣ್ಣದ ಹೆಸರು ‘ಜವುಗಿನ ಪಾಚಿ’.

ತಮ್ಮ ಕೈಪಿಡಿಯನ್ನು ನಾನು ಮೂರು ಸಲ ಓದಿದೆ. ಸಾಹಿತ್ಯ ಓದಲು ನಾಲ್ಕು ವರ್ಷ ಕಳೆದವಳಾಗಿ ಹೇಳುತ್ತೇನೆ, ಇಷ್ಟು ಸ್ವಚ್ಛವಾದ ಗದ್ಯ ಅಪರೂಪ. ಒಂದು ವಿಶೇಷಣ ಹೆಚ್ಚಿಲ್ಲ, ಒಂದು ಸಂಶಯಕ್ಕೂ ಎಡೆಯಿಲ್ಲ. ಹಳೆಯ ಮೆರುಗನ್ನು ಉಜ್ಜಿ ತೆಗೆಯಬೇಕಿಲ್ಲ, ಎಣ್ಣೆ ತೊಳೆದರೆ ಸಾಕು ಎನ್ನುತ್ತದೆ ಆರನೆಯ ಪುಟ. ಸಿಂಪಡಿಸಿದ ಭಾಗಗಳನ್ನು ಧೂಳಿಲ್ಲದ ಕೋಣೆಯಲ್ಲಿ ತೂಗುಹಾಕಿ ಒಂದು ದಿನ ಬಿಡಿ, ಅಡುಗೆಮನೆಯ ಓವನ್ನನ್ನು ಮಾತ್ರ ಬಳಸಬೇಡಿ ಎನ್ನುತ್ತದೆ ಒಂಬತ್ತನೆಯದು. ಮೊದಲ ದಿನ ತಪ್ಪೇನಾದರೂ ಕಂಡರೆ ಥಿನ್ನರ್ ಎಂಬ ತೆಳುಕಾರಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಪೂರ್ತಿ ಹೋಗುತ್ತದೆ, ಆದರೆ ಚೆನ್ನಾಗಿ ಕಾವು ತಗುಲಿದರೆ ಎರಡೇ ಗಂಟೆಯಲ್ಲಿ ಬಣ್ಣ ಶಾಶ್ವತವಾಗುತ್ತದೆ ಎಂದು ಹನ್ನೊಂದನೆಯ ಪುಟ ಭರವಸೆ ಕೊಡುತ್ತದೆ.

ಧೂಳಿಲ್ಲದ ಕೋಣೆಗೆ ತಮ್ಮ ಊರಿನ ಗ್ರಾಹಕರು ಪಾಪ ಎಷ್ಟು ಪರದಾಡುತ್ತಾರೋ. ನಮ್ಮ ಹಿರಿಯರು ಫಿನ್ಲೆಂಡಿನಿಂದ ಬಂದು ಇಲ್ಲಿ ಮನೆ ಕಟ್ಟುವ ಮೊದಲೇ ಸೌನಾ ಕಟ್ಟಿಕೊಂಡವರು. ನಮ್ಮ ಹಿತ್ತಿಲಲ್ಲಿ ಆ ಹಬೆಸ್ನಾನದ ಮನೆ ಈಗಲೂ ಇದೆ. ವಾರವೆಲ್ಲ ಖಾಲಿ, ಹೊಸ ತಟ್ಟೆಯಷ್ಟು ಚೊಕ್ಕಟ. ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ಅಪ್ಪ ಕೋವಿಯನ್ನು ಬಿಚ್ಚಿ, ಬಣ್ಣ ಸಿಂಪಡಿಸಿ, ಸೌನಾದ ಮೇಲಿನ ಹಲಗೆಯ ಹತ್ತಿರ ತಂತಿಯಲ್ಲಿ ಸಾಲಾಗಿ ತೂಗುಹಾಕಿದ. ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿಗೆ ಸಾಗಿಸುವುದು ಅವನ ಲೆಕ್ಕಾಚಾರ. ಅಷ್ಟರಲ್ಲಿ ವರ್ಷದ ಮೊದಲ ಹಿಮ ಸುರಿಯಿತು, ಅವನಿಗೆ ಕೆಲಸದ ಕರೆ ಬಂತು, ಗುಟ್ಟನ್ನು ಗುಟ್ಟಾಗಿಯೇ ಬಿಟ್ಟು ಲಾರಿ ಹತ್ತಿದ.

ಪ್ರತಿ ಶನಿವಾರ ಮಧ್ಯಾಹ್ನ ಎರಡಕ್ಕೆ ಅಜ್ಜಿ ಸೌನಾಕ್ಕೆ ಬೆಂಕಿ ಹಾಕುತ್ತಾಳೆ. ಸೌದೆ ತುರುಕುವ ಬಾಯಿ ಇರುವುದು ಬಟ್ಟೆ ಬಿಚ್ಚುವ ಹೊರಕೋಣೆಯಲ್ಲಿ, ಒಳಗೆ ಇಣುಕುವ ಅಗತ್ಯವೇ ಇಲ್ಲ. ಅವತ್ತು ಚಳಿ ಹೆಚ್ಚೆಂದು ಅವಳು ಎರಡು ಕೊರಡು ಹೆಚ್ಚೇ ಹಾಕಿದಳು. ಸ್ವಲ್ಪ ಹೊತ್ತಿಗೆ ವಿಚಿತ್ರ ವಾಸನೆ ಬಂದಾಗ ಪಕ್ಕದ ಮನೆಗೆ ಫೋನು ಮಾಡಿ ವಿಚಾರಿಸಿಯೂ ಬಿಟ್ಟಳು: “ರೂಡಿ, ಏನಯ್ಯಾ ಸುಡ್ತಿದೀಯ, ನಿನ್ನ ಬೂಟಾ?” ಅವರು ತಾವು ಮಲಗಿದ್ದುದಾಗಿಯೂ, ಬೂಟು ಕಾಲಲ್ಲೇ ಇರುವುದಾಗಿಯೂ ತಿಳಿಸಿದರು. ನಾಲ್ಕು ಗಂಟೆಗೆ ಟವೆಲ್ ಹಿಡಿದು ಒಳಬಾಗಿಲು ತೆರೆದಾಗ, ಗಂಡನ ಕೋವಿ ತುಂಡುತುಂಡಾಗಿ, ಪಾಚಿಹಸಿರಾಗಿ, ಹದವಾಗಿ ಬೆಂದು ತೂಗಾಡುತ್ತಿತ್ತು. ಬರೀ ಒಂದು ಬಟ್ಟೆಯಲ್ಲಿ ಒರೆಸಿಬಿಡಬಹುದಾಗಿದ್ದುದನ್ನು ಅವಳು ತನ್ನ ಕೈಯಾರೆ ಶಾಶ್ವತಗೊಳಿಸಿದ್ದಳು. ಬೇಯಿಸುವ ವಿಷಯದಲ್ಲಿ ನಮ್ಮಜ್ಜಿಯಷ್ಟು ನಿಷ್ಠೆಯ ನೌಕರರು ತಮ್ಮ ಕಾರ್ಖಾನೆಯಲ್ಲೂ ಇರಲಾರರು.

ಪರಿಶೀಲಿಸಲಾಗಿ, ಎಲ್ಲೂ ಒಂದು ಗುಳ್ಳೆಯಿಲ್ಲ, ಬಣ್ಣ ಇಳಿದ ಒಂದು ಗೆರೆಯಿಲ್ಲ. ತೆಳುಕಾರಕ ಹಾಕಿ ನೋಡಿದೆವು, ಬಣ್ಣ ಇನ್ನಷ್ಟು ಹೊಳೆಯಿತು. ಊರಿನ ಕೋವಿ ರಿಪೇರಿಯವರು ಅದನ್ನು ದೀಪದ ಕೆಳಗೆ ಬಹಳ ಹೊತ್ತು ತಿರುಗಿಸಿ, ಅಜ್ಜಿಯ ಮುಖ ನೋಡದೆ ಹೇಳಿದರು: “ಮರಳು ಹೊಡೆದು ಬಣ್ಣ ತೆಗೀಬೋದಮ್ಮ. ಆದ್ರೆ ಎಲ್ಲಿಗೆ ನಿಲ್ಲಿಸ್ಬೇಕು ಅಂತ ಮರಳಿಗೆ ಗೊತ್ತಾಗಲ್ಲ.” ತಮ್ಮ ಗ್ರಾಹಕ ಸೇವೆಯ ಹುಡುಗಿಯಂತೂ ಫೋನಿನಲ್ಲಿ ನನ್ನನ್ನು ಮನಸಾರೆ ಅಭಿನಂದಿಸಿದಳು. ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಇಷ್ಟೆಲ್ಲ ಬಣ್ಣಗಳನ್ನು ಕಂಡುಹಿಡಿದ ತಾವು, ಸೈನಿಕರ ಮರಳುಬಣ್ಣ, ಹೆಂಗಸರಿಗೆಂದು ಮಾಡಿದ ತಿಳಿಗುಲಾಬಿ ಎಲ್ಲದರ ಜೊತೆಗೆ, ‘ನಲವತ್ತೊಂದು ವರ್ಷದ ಕೈ’ ಎಂಬ ಡಬ್ಬಿಯೊಂದನ್ನೂ ತಯಾರಿಸಬೇಕು. ಎರಡು ಪದರ ಸಾಕು. ಅದು ಆಗದಿದ್ದಲ್ಲಿ ತಮ್ಮ ಬಣ್ಣಕ್ಕೆ ಕೊಟ್ಟಿರುವ ಜೀವಮಾನದ ಖಾತರಿಯನ್ನು ನಮ್ಮ ಪಾಲಿಗೆ ರದ್ದುಮಾಡಿ, ಅದು ಬೇಗ ಕೆಡುವಂತೆ ಅಲ್ಲಿಂದಲೇ ಅಪ್ಪಣೆ ಕೊಡಿಸಬೇಕು.

ಆ ಶನಿವಾರ ರಾತ್ರಿ ಅಪ್ಪ ಮನೆಗೆ ಬಂದಾಗ ಕೋವಿ ಜೋಡಿಸಿ ಮೇಜಿನ ಮೇಲಿತ್ತು. ಅವನು ಬೂಟು ಬಿಚ್ಚದೆ ನಿಂತೇ ಇದ್ದ. “ಬಿಡಮ್ಮಾ, ಬೇರೆ ಒಂದು ತಂದ್ಕೊಡ್ತೀನಿ” ಎಂದ. ಅಜ್ಜಿ ಅವನಿಗೆ ಕಾಫಿ ಬಗ್ಗಿಸಿದಳು. “ಬೇರೆ ಯಾಕೋ? ಅವನು ಇದರೊಳಗೇ ಇದಾನಲ್ಲ. ನೀನು ಹೊದಿಸಿದೀಯ ಅಷ್ಟೆ” ಎಂದಳು. ಆಮೇಲೆ ಒಂದು ವಾರ ಇಬ್ಬರೂ ಮಾತಾಡಲಿಲ್ಲ. ನಮ್ಮಲ್ಲಿ ಅದು ಅಷ್ಟೇನೂ ಎದ್ದು ಕಾಣುವ ಸಂಗತಿಯಲ್ಲ, ಆದರೆ ಅಪ್ಪ ಆ ವಾರ ಏನನ್ನೂ ರಿಪೇರಿ ಮಾಡದೆ ಸುಮ್ಮನೆ ಕೂತಿದ್ದುದು ನನಗೆ ಹೆದರಿಕೆ ಹುಟ್ಟಿಸಿತು.

ಆ ಸೋಮವಾರದಿಂದಲೇ ಅಜ್ಜಿ ದಿನವೂ ಬೆಳಿಗ್ಗೆ ಅರ್ಧ ಮೈಲು ದೂರದ ಟಪಾಲು ಡಬ್ಬಿಯವರೆಗೆ ಆ ಕೋವಿ ಹಿಡಿದು ನಡೆಯುತ್ತಿದ್ದಾಳೆ. ಗುಂಡಿಲ್ಲದ ಕೋವಿ, ಸಮತೂಕದ ಜಾಗದಲ್ಲಿ ಬಲಗೈ, ಇಳಿಬಿಟ್ಟ ತೋಳು. ಉಣ್ಣೆಯ ಕೈಗವಸು ಹಾಕಿಕೊ ಎಂದೆ. ಬರಿಗೈಗಾದರೆ ಬೇಗ ಸವೆಯುತ್ತದೆ ಎಂದಳು. ಬಂದ ಮೇಲೆ ಕಿಟಕಿಯ ಬೆಳಕಿನಲ್ಲಿ ಆ ಜಾಗ ನೋಡುತ್ತಾಳೆ. ಹೊಳಪು ಒಂದಿಷ್ಟೂ ಕಡಿಮೆಯಾಗಿಲ್ಲ, ತಮಗೆ ಸಂತೋಷವಾಗಬಹುದು.

ನಿನ್ನೆ ಭಾನುವಾರ, ಟಪಾಲು ಇಲ್ಲ. ಆದರೂ ಬೆಳಿಗ್ಗೆ ನೋಡಿದರೆ ಗೋಡೆಯ ಮೇಲೆ ಕೋವಿ ಇರಲಿಲ್ಲ. ಅಜ್ಜಿ ಕಿಟಕಿಯ ಹತ್ತಿರ ನಿಂತಿದ್ದಳು. ಹೊರಗೆ ಅಪ್ಪ ಅದನ್ನು ಹಿಡಿದು, ಕೈಗವಸಿಲ್ಲದೆ, ತಲೆ ತಗ್ಗಿಸಿ ಟಪಾಲು ಡಬ್ಬಿಯ ಕಡೆಯಿಂದ ನಡೆದು ಬರುತ್ತಿದ್ದ. ಅವಳು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗದೆ ಹೇಳಿದಳು: “ಕೈ ಇನ್ನೊಂಚೂರು ಹಿಂದಕ್ಕೆ ಹಿಡೀಬೇಕು ಅಂತ ಹೇಳೇ ಅವನಿಗೆ.”

ಹಾಗಾಗಿ, ಮಾನ್ಯರೇ, ಮೇಲಿನ ವಿನಂತಿಗಳೆಲ್ಲವನ್ನೂ ಹಿಂಪಡೆದು ಒಂದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಎರಡು ಕೈಗಳು, ದಿನಕ್ಕೆ ಎರಡು ಮೈಲು, ಬರಿಯ ಚರ್ಮ. ತಮ್ಮ ಬಣ್ಣ ಆ ಅಂಗೈಯಗಲದಲ್ಲಿ ಸವೆಯಲು ಎಷ್ಟು ವರ್ಷ ಬೇಕು ಎಂಬುದನ್ನು ದಯವಿಟ್ಟು ಪ್ರಾಮಾಣಿಕವಾಗಿ ಬರೆದು ತಿಳಿಸಿ. ಅಂಕಿ ದೊಡ್ಡದಾಗಿದ್ದರೆ ಕಾಗದವನ್ನು ಅಜ್ಜಿಯ ಹೆಸರಿಗೆ ಕಳಿಸಬೇಡಿ, ನನ್ನ ಹೆಸರಿಗೆ ಕಳಿಸಿ.

ಒರೆಸಿದರೂ ಹೋಗದ ಗೌರವದೊಂದಿಗೆ,
ತಮ್ಮ ವಿಶ್ವಾಸಿ,
ಕ್ಯಾರಿನ್ ಪೆಲ್ಟೋಲಾ

ಮರೆತ ಮಾತು: ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ, ತಮ್ಮ ಜಾಲತಾಣದಲ್ಲಿ ಹಾಕಲು ಕೋವಿಯ ‘ಮೊದಲು’ ಮತ್ತು ‘ನಂತರ’ದ ಫೋಟೋಗಳನ್ನು ಕೇಳಿದ್ದೀರಿ. ‘ನಂತರ’ದ್ದನ್ನು ಲಗತ್ತಿಸಿದ್ದೇನೆ. ‘ಮೊದಲಿನ’ದಕ್ಕೆ ನಾವಿನ್ನೂ ನಡೆಯುತ್ತಿದ್ದೇವೆ, ಅಲ್ಲಿಯವರೆಗೆ ತಮ್ಮ ಕಂಪನಿ ಬಾಳಲಿ.