ಮಾವ ಕೊಟ್ಟ ಕಾರಿಗೆ ಇಂಟರ್‌ಕೂಲರ್

ಸೇತುವೆಯ ಏರಿನಲ್ಲಿ ಐಸ್‌ಕ್ರೀಮ್ ಗಾಡಿಯೊಂದು ಮುಳ್ಳಪ್ಪನ ಕಾರನ್ನು ಹಿಂದೆ ಹಾಕಿತು. ಹಾಕಿದ್ದಲ್ಲದೆ ಗಂಟೆ ಬಾರಿಸಿಕೊಂಡು ಹೋಯಿತು. ಟರ್ಬೊ ಎಂಜಿನ್ನಿನ ಕಾರಿಗೆ ಆದ ಈ ಅವಮಾನವನ್ನು ಮುಳ್ಳಪ್ಪ ಮೂರು ವಾರ ನುಂಗಿಕೊಂಡಿದ್ದ. ನಾಲ್ಕನೆಯ ವಾರ ಒಂದು ದೊಡ್ಡ ಇಂಟರ್‌ಕೂಲರ್ ತರಿಸಿದ.

ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಗಡಿಯಾರ ರಿಪೇರಿ ಅಂಗಡಿ, ಸೆಕೆಂಡ್ ಮುಳ್ಳಿನಂಥ ಮೈ, ಅದರಂತೆಯೇ ಒಂದು ಕಡೆ ನಿಲ್ಲದ ಸ್ವಭಾವ. ಹಾಗಾಗಿ ಮುಳ್ಳಪ್ಪ. ಕಾರು ಅವನ ಮಾವ ಕೊಟ್ಟದ್ದು. ಮಾವ ನಿವೃತ್ತ ಹೆಡ್‌ಮಾಸ್ಟರ್. ಅವರು ಕೆಮ್ಮಿದರೆ ಅಕ್ಕಪಕ್ಕದವರೂ ನೆಟ್ಟಗೆ ನಿಲ್ಲುತ್ತಿದ್ದರು. ಎರಡು ವರ್ಷದ ಹಿಂದೆ ಬೀಗದ ಕೈ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು. ತೊಳೀರಿ, ಓಡಿಸಿ, ಆದರೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ.

ಇಂಟರ್‌ಕೂಲರ್ ಬಂದ ಮರುದಿನವೇ ಆ ಮಾವ ಸಂಜೆ ಐದರ ರೈಲಿಗೆ ಬರುವವರಿದ್ದರು. ಮುಳ್ಳಪ್ಪನಿಗೆ ವಾರದ ರಜೆ ಇದ್ದದ್ದೂ ಅವತ್ತೇ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಾವನ ಬಾಯಿಂದ ಒಂದು ಭೇಷ್ ಕೇಳದ ಅವನಿಗೆ, ಏರಿನಲ್ಲಿ ಕಾರನ್ನು ಹಾರಿಸಿ ಅವರ ಹುಬ್ಬು ಮೇಲೇರುವುದನ್ನು ನೋಡುವ ಆಸೆ ಹುಟ್ಟಿತ್ತು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಡ್ಯೂಟಿಗೆ ಹೊರಡುತ್ತ ಬಾಗಿಲಲ್ಲಿ ನಿಂತು ಗಂಡನ ಮುಖ ನೋಡಿದಳು.

“ನೀವು ವಾಚ್ ಬಿಚ್ಚೋರು. ಅಪ್ಪ ಬರೋ ದಿನ ಬೇರೆ ಏನೂ ಬಿಚ್ಚಬೇಡಿ.”

ಮುಳ್ಳಪ್ಪ ಹಸುವಿನಂತೆ ತಲೆಯಾಡಿಸಿದ. ಅವಳು ಬೀದಿಯ ತಿರುವು ದಾಟುವಷ್ಟರಲ್ಲಿ ಕಾರಿನ ಮುಂದೆ ಚಾಪೆ ಹಾಸಿಯಾಗಿತ್ತು.

ಬಿಸಿ ಕಾಫಿಯನ್ನು ನಾವು ಊದಿ ಕುಡಿಯುತ್ತೇವಲ್ಲ, ಹಾಗೆ ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣಿಸಿ ಎಂಜಿನ್ನಿಗೆ ಕುಡಿಸುವುದು ಇಂಟರ್‌ಕೂಲರಿನ ಕೆಲಸ. ನೋಡಲು ಪುಟ್ಟ ರೇಡಿಯೇಟರಿನ ಹಾಗೆ. ಮುಂದಿನ ಬಂಪರಿನ ಹಿಂದೆ ಕೂತಿರುತ್ತದೆ. ಹಳೆಯದನ್ನು ತೆಗೆದು ದೊಡ್ಡದನ್ನು ಇಟ್ಟರೆ ಆಯಿತು, ಎರಡು ಗಂಟೆಯ ಕೆಲಸ ಎಂದು ಫೋನಿನಲ್ಲಿ ನೋಡಿದ ವಿಡಿಯೊದವನು ಹೇಳಿದ್ದ. ಅವನ ಬೀದಿಯಲ್ಲಿ ಅಕ್ಕಪಕ್ಕದವರು ಇರಲಿಲ್ಲವೆಂದು ಕಾಣುತ್ತದೆ.

ಮೊದಲು ಇಳಿದು ಬಂದವರು ಮಹಡಿ ಮನೆಯ ನಿವೃತ್ತ ಸರ್ವೇಯರ್. ಹನ್ನೊಂದು ಸ್ಕ್ರೂ ತೆಗೆದರೂ ಬಂಪರ್ ಅಲುಗಲಿಲ್ಲ. ಎಳೆದರೆ ಬರುತ್ತೆ ಎಂದು ಸರ್ವೇಯರ್ ತೀರ್ಪು ಕೊಟ್ಟು ತಾವೂ ಕೈ ಹಾಕಿದರು. ಬಂತು. ಬಂಪರನ್ನು ತಬ್ಬಿಕೊಂಡೇ ಅವರು ಹೂಕುಂಡಗಳ ಮೇಲೆ ಕುಳಿತರು. ಎದ್ದವರು ಮೈ ಕೊಡವಿಕೊಂಡು, ಜೇಬಿನಿಂದ ಟೇಪು ತೆಗೆದು ಹೊಸ ಇಂಟರ್‌ಕೂಲರನ್ನೂ ಅದು ಕೂರಬೇಕಾದ ಜಾಗವನ್ನೂ ಎರಡೆರಡು ಸಲ ಅಳೆದರು.

“ಸಾಮಾನು ಸರಿಯಾಗಿದೆ,” ಎಂದರು ಗಂಭೀರವಾಗಿ. “ಕಾರೇ ನಾಲ್ಕು ಬೆರಳು ಕಮ್ಮಿ.”

ಎದುರು ಮನೆಯ ಪ್ಲಂಬರ್ ತಾನಾಗಿಯೇ ಬಂದ. ಮುಳ್ಳಪ್ಪ ಹಳೆಯದನ್ನು ಬಿಚ್ಚಿ ತೆಗೆದ ಜಾಗಕ್ಕೆ ಹೊಸ ಇಂಟರ್‌ಕೂಲರನ್ನು ಓರೆಯಾಗಿ ತುರುಕಿದ. ಹಳೆಯ ರಬ್ಬರ್ ಪೈಪು ಎಟುಕದೆ ಹೋದಾಗ, ಯಾರದೋ ಬಚ್ಚಲಿಗೆಂದು ತಂದಿಟ್ಟಿದ್ದ ಪ್ಲಾಸ್ಟಿಕ್ ಪೈಪಿನ ತುಂಡು ಸೇರಿಸಿ ಬಿಗಿದ. ನೀರನ್ನೇ ಬಿಡದ ಪೈಪು ಗಾಳಿಯನ್ನು ಬಿಟ್ಟೀತೇ ಎಂಬುದು ಅವನ ವಾದ. ಮುಳ್ಳಪ್ಪ ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದ.

ಢಂ ಎಂಬ ಸದ್ದಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು. ಪೈಪು ಸರ್ವೇಯರರ ಟೋಪಿಯನ್ನು ಎತ್ತಿಕೊಂಡು ಗೋಡೆ ದಾಟಿತು. ಕಾರಿನ ಹಿಂದಿನಿಂದ ಹೊರಟ ಕರಿ ಹೊಗೆ ಪಕ್ಕದ ಮನೆಯವರು ಒಣಹಾಕಿದ್ದ ಬಿಳಿ ಹೊದಿಕೆಗಳ ಮೇಲೆ ಕುಳಿತು ವಿಶ್ರಮಿಸಿಕೊಂಡಿತು.

ಆಗ ಗಂಟೆ ಎರಡೂವರೆ. ಮುಳ್ಳಪ್ಪನ ಎದೆ ಗಡಿಯಾರದಂಗಡಿಯಾಯಿತು. ಹೊಸದು ಬೇಡ, ಹಳೆಯದನ್ನೇ ಕೂರಿಸಿಬಿಡೋಣ ಎಂದು ತಿರುಗಿದರೆ, ಚಾಪೆಯ ಮೇಲಿದ್ದ ಹಳೆಯ ರಬ್ಬರ್ ಪೈಪು ಮಾಯ. ಬೀದಿ ನಾಯಿ ಅದನ್ನು ಕಚ್ಚಿಕೊಂಡು ಆಗಲೇ ಮೂಲೆ ಸೇರಿತ್ತು. ಮುಂದೆ ನಾಯಿ, ಹಿಂದೆ ಮುಳ್ಳಪ್ಪ, ಅವನ ಹಿಂದೆ ಸ್ಪ್ಯಾನರ್ ಹಿಡಿದ ಪ್ಲಂಬರ್, ಕೊನೆಗೆ ದಾರಿ ಹೇಳುತ್ತ ಸರ್ವೇಯರ್. ಮೂರು ಬೀದಿ ಸುತ್ತಿದ ಮೇಲೆ ನಾಯಿಯೇ ಬೇಸತ್ತು ಪೈಪನ್ನು ಉಗುಳಿತು. ಹಲ್ಲಿನ ಗುರುತು ಬಿಟ್ಟರೆ ತೂತೇನೂ ಆಗಿರಲಿಲ್ಲ.

ಮುಂದಿನ ಒಂದೂವರೆ ಗಂಟೆ ಮುಳ್ಳಪ್ಪ ಯಾರ ಮಾತನ್ನೂ ಕೇಳಲಿಲ್ಲ. ವಾಚು ಬಿಚ್ಚುವಾಗಿನಂತೆ ಪ್ರತಿ ಸ್ಕ್ರೂವನ್ನೂ ಬಿಚ್ಚಿದ ಕ್ರಮದಲ್ಲೇ ಡಬ್ಬಿಗಳಲ್ಲಿ ಇಟ್ಟಿದ್ದ. ಈಗ ಕೊನೆಯ ಡಬ್ಬಿಯಿಂದ ಮೊದಲಿನದಕ್ಕೆ ಬರುತ್ತ ಎಲ್ಲವನ್ನೂ ಮರಳಿ ಕೂರಿಸಿದ. ಹೊಸ ಇಂಟರ್‌ಕೂಲರನ್ನು, ದಯವಿಟ್ಟು ಕಣ್ಣಿಗೆ ಬೀಳದ ಹಾಗೆ ಎಲ್ಲಾದರೂ ಇಟ್ಟುಕೋ ಎಂದು ಪ್ಲಂಬರನ ಕೈಗೆ ಹಾಕಿದ. ಪಕ್ಕದ ಮನೆಯವರ ಹೊದಿಕೆಗಳನ್ನು ತಾನೇ ಒಗೆದುಕೊಡುವುದಾಗಿ ಒಪ್ಪಿಕೊಂಡು, ಸೋಪಿನಲ್ಲಿ ನಾಲ್ಕು ಸಲ ಕೈ ತೊಳೆದು, ಸ್ಟೇಷನ್ ಕಡೆ ಹೊರಟ.

ಕಾರು ಓಡಿತು. ಹಿಂದಿನಷ್ಟೇ ನಿಧಾನ, ಹಿಂದಿನದೇ ಗೊಣಗಾಟ. ದಾರಿಯಲ್ಲಿ ಸೈಕಲ್ಲುಗಳು ದಾಟಿ ಹೋದಾಗಲೂ ಮುಳ್ಳಪ್ಪನಿಗೆ ಹೋದ ಜೀವ ಬಂದಂತಿತ್ತು.

ಮಾವ ಸ್ಟೇಷನ್ನಿನ ಹೊರಗೆ ಒಂದು ಸೂಟ್‌ಕೇಸು, ಹಗ್ಗ ಕಟ್ಟಿದ ಒಂದು ಭಾರದ ಪೆಟ್ಟಿಗೆಯ ಜೊತೆ ನಿಂತಿದ್ದರು. ಅಳಿಯ ಸಾಮಾನನ್ನು ಡಿಕ್ಕಿಗೆ ಹಾಕುವಷ್ಟರಲ್ಲಿ ಅವರು ಕಾರಿನ ಮುಂದಕ್ಕೆ ಹೋಗಿ, ಸೊಂಟ ಬಗ್ಗಿಸಿ, ಕನ್ನಡಕ ಏರಿಸಿ ಜಾಲರಿಯ ಒಳಗೆ ಇಣುಕಿದರು. ಮುಳ್ಳಪ್ಪ ಸೋಪು ವಾಸನೆಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಅಳಿಯಂದ್ರೇ, ಇದನ್ನ ಬಿಚ್ಚಿದ್ರಾ?”

“ಇಲ್ಲ ಮಾವ.”

“ಯಾವತ್ತೂ?”

“ಯಾವತ್ತೂ.”

ಮಾವ ಉಸಿರು ಬಿಟ್ಟರು. “ಸದ್ಯ,” ಎಂದು ಮುಖ ಒರೆಸಿಕೊಂಡರು. ಮುಳ್ಳಪ್ಪನೂ ಉಸಿರು ಬಿಟ್ಟ. ಇಬ್ಬರೂ ಕಾರಿನಲ್ಲಿ ಕೂತರು. ಮಾವ ಮಾತ್ರ ಬೀಗದ ಕೈ ತಿರುಗಿಸಲು ಬಿಡದೆ ಅವನ ಮುಂಗೈ ಹಿಡಿದುಕೊಂಡರು. ಹೆಡ್‌ಮಾಸ್ಟರರ ದನಿ ತಪ್ಪು ಮಾಡಿದ ಹುಡುಗನ ದನಿಯಾಗಿತ್ತು.

“ಎರಡು ವರ್ಷದಿಂದ ನಿದ್ದೆ ಇಲ್ಲ ನನಗೆ. ಕಾರು ಕೊಡೋ ಮುಂಚೆ, ಯಾರೋ ಹೇಳಿದ್ರು ಅಂತ ಕಂಪನಿಯ ಇಂಟರ್‌ಕೂಲರ್ ತೆಗೆದು ಬೇರೆ ಯಾವುದೋ ಹಾಕಿದೆ. ನಾನೇ, ಸ್ವಂತ ಕೈಯಿಂದ. ಅವತ್ತಿಂದ ಏರಲ್ಲಿ ಎಳೀತಿಲ್ಲ. ಬಿಚ್ಚಿದರೆ ನಿಮಗೆ ಗೊತ್ತಾಗುತ್ತೆ ಅಂತಾನೇ ಮುಟ್ಟಬೇಡಿ ಅಂದಿದ್ದು.”

ಮುಳ್ಳಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬೆಳಗಿನಿಂದ ಅಷ್ಟು ಪಾಡು ಪಟ್ಟು, ನಾಯಿಯ ಹಿಂದೆ ಓಡಿ ಪೈಪು ತಂದು, ಒಂದು ಸ್ಕ್ರೂ ತಪ್ಪದಂತೆ ತಾನು ಮರಳಿ ಕೂರಿಸಿದ್ದು ಮಾವ ಕೆಡಿಸಿಟ್ಟ ಕೆಲಸವನ್ನೇ. ನಗು ಬಂತು, ಮಾವನ ಮುಖ ನೋಡಿ ಅದನ್ನು ಕೆಮ್ಮನ್ನಾಗಿ ಮಾಡಿದ.

“ಹೋಗಲಿ ಬಿಡಿ ಮಾವ,” ಎಂದ. “ನನಗಂತೂ ಏನೂ ತೊಂದರೆ ಆಗಿಲ್ಲ.”

“ನಿಮ್ಮದು ದೊಡ್ಡ ಮನಸ್ಸು,” ಎಂದರು ಮಾವ. ಹನ್ನೆರಡು ವರ್ಷದಲ್ಲಿ ಅದು ಮೊದಲ ಮೆಚ್ಚುಗೆ. ಮುಳ್ಳಪ್ಪ ಅದನ್ನು ಪೂರ್ತಿ ಸವಿಯುವ ಮೊದಲೇ ಅವರು ಹಿಂದಿನ ಡಿಕ್ಕಿಯ ಕಡೆ ಬೆರಳು ತೋರಿಸಿದರು.

“ಆ ಪೆಟ್ಟಿಗೆಯಲ್ಲಿ ಅವತ್ತು ತೆಗೆದಿಟ್ಟ ಕಂಪನಿ ಮಾಲು ಇದೆ. ನಾಳೆ ಅಂಗಡಿಗೆ ರಜೆ ಹಾಕಿ. ಮಗಳು ಡ್ಯೂಟಿಗೆ ಹೋದ ತಕ್ಷಣ ಶುರು ಮಾಡೋಣ, ಅವಳಿಗೆ ಮಾತ್ರ ಗೊತ್ತಾಗೋದು ಬೇಡ. ನಿಮಗೆ ಹೊಸ ಕೆಲಸ, ಭಯ ಪಡಬೇಡಿ. ನಾನು ಹೇಳಿಕೊಡ್ತೀನಿ.”

ಮುಳ್ಳಪ್ಪ ಮೊದಲ ದಿನದ ವಿದ್ಯಾರ್ಥಿಯಂತೆ ತಲೆಯಾಡಿಸಿ ಕಾರು ಚಾಲೂ ಮಾಡಿದ.