ದೋ ಕೌದಿಯ ವಿನಯ

ಕೆಟ್ಟ ಹೆಸರು ಬಂದವನ ಕಷ್ಟ ಎಲ್ಲರಿಗೂ ಗೊತ್ತು. ಒಳ್ಳೆಯ ಹೆಸರು ಬಂದವನ ಕಷ್ಟವನ್ನು ಕೇಳುವವರೇ ಇಲ್ಲ. ಕೆಟ್ಟ ಹೆಸರಿನವನು ಹೇಗಿದ್ದರೂ ನಡೆಯುತ್ತದೆ, ಅಪರೂಪಕ್ಕೆ ಒಂದು ದಿನ ನೆಟ್ಟಗೆ ನಡೆದುಕೊಂಡರೆ ಜನ ಬೆರಗಾಗಿ ಹೊಗಳುತ್ತಾರೆ. ಒಳ್ಳೆಯ ಹೆಸರಿನವನಿಗೆ ಆ ಸುಖವಿಲ್ಲ. ಇದ್ದ ಊರಲ್ಲಿ, ಇದ್ದ ಓಣಿಯಲ್ಲಿ, ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗಬೇಕು. ನನಗೆ ಬಂದದ್ದು ವಿನಯವಂತ ಎಂಬ ಹೆಸರು. ‘ನಿಮ್ಮ ಯಜಮಾನರು ಎಷ್ಟು ವಿನಯವಂತರು’ ಎಂದು ತರಕಾರಿ ಗಾಡಿಯ ಹತ್ತಿರ ಯಾರೋ ನನ್ನ ಹೆಂಡತಿ ಗಿರಿಜೆಗೆ ಮೊದಲ ಸಲ ಹೇಳಿದಾಗ, ಅವಳು ಬೇರೆ ಯಾರ ಯಜಮಾನರ ಮಾತೋ ಎಂದು ಹಿಂದೆ ತಿರುಗಿ ನೋಡಿದಳಂತೆ.

ನಾನು ಹುನಗುಂದದ ಕಡೆಯವನು. ವಿಮಾ ಕಚೇರಿಯ ನೌಕರಿ ನನ್ನನ್ನು ಊರೂರು ತಿರುಗಿಸಿ ವಡೋದರೆಗೆ ತಂದು ಹಾಕಿದೆ. ಮಂಜಲ್‌ಪುರದಲ್ಲಿ ಬಾಡಿಗೆ ಮನೆ. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಗಿರಿಜೆ ಬಾಗಿಲಲ್ಲಿ ಕೂತು, ಹಳೆ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸಿನ ಜೊತೆ ಚೌಕಾಸಿ ನಡೆಸಿದ್ದಳು. ಆ ರಾಶಿಯಲ್ಲಿ ನಮ್ಮ ಅವ್ವನ ಎರಡು ಇಳಕಲ್ ಸೀರೆಗಳೂ ಇದ್ದವು. ಅವ್ವ ಹೋದ ಮೇಲೆ ಯಾರೂ ಉಟ್ಟಿರಲಿಲ್ಲ, ಮಡಿಕೆಯಲ್ಲೇ ಸೀಳಿದ್ದವು. ಒಂದು ಸ್ಟೀಲ್ ಡಬ್ಬಿಗೆ ಅವು ಹೋಗುವುದನ್ನು ನೋಡಲಾರದೆ ಎಳೆದುಕೊಂಡು ಒಳಗೆ ಬಂದೆ. ‘ಹಂಗಾರ ನೀವ ಉಟ್ಕೋರಿ’ ಎಂದಳು ಗಿರಿಜೆ. ಉಡುವುದಕ್ಕಾಗುವುದಿಲ್ಲವಲ್ಲ, ಆದ್ದರಿಂದ ಕೌದಿ ಹೊಲಿಯಲು ಕೂತೆ. ಕೌದಿಯೆಂದರೆ ಗೊತ್ತಲ್ಲ, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಬಟ್ಟೆ ಇಟ್ಟು, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿನವರೆಗೆ ದಾರದಲ್ಲಿ ಕೈಹೊಲಿಗೆ ಹಾಕುತ್ತ ಬರುವುದು. ನಮ್ಮ ಕಡೆ ಮನೆಮನೆಯಲ್ಲೂ ಇದನ್ನೇ ಹಾಸಿ, ಇದನ್ನೇ ಹೊದೆಯುತ್ತಾರೆ. ಚಿಕ್ಕವನಿದ್ದಾಗ ಅವ್ವ ಮತ್ತು ಚಿಗವ್ವಂದಿರು ಹೊಲಿಯುವಾಗ ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನ್ನದಾಗಿತ್ತು. ಪೋಣಿಸಲು ಬರುವವನಿಗೆ ಹೊಲಿಯಲು ಬಾರದಿರುತ್ತದೆಯೇ ಎಂಬುದು ನನ್ನ ವಾದ. ಈ ವಾದ ಎಷ್ಟು ಸರಿ ಎಂಬುದು ಮುಂದೆ ತಿಳಿಯುತ್ತದೆ.

ಗಂಡಸು ಕ್ರಿಕೆಟ್ ನೋಡುತ್ತ ಭಾನುವಾರ ಕಳೆದರೆ ಯಾರೂ ಏನೂ ಅನ್ನುವುದಿಲ್ಲ. ಸೂಜಿ ಹಿಡಿದು ಕಳೆದರೆ ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳುತ್ತಾರೆ. ಕಚೇರಿಯ ಸಹೋದ್ಯೋಗಿಯೊಬ್ಬರು ಗುಟ್ಟಾಗಿ ನನಗೊಬ್ಬ ಡಾಕ್ಟರ ಹೆಸರನ್ನೂ ಹೇಳಿದರು. ಹೀಗಿರುವಾಗ ನಮ್ಮ ಪಕ್ಕದ ಸೊಸೈಟಿಯಲ್ಲಿ ಜಾಗೃತಿಬೆನ್ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಪ್ರತಿ ಶನಿವಾರ ಗೋದಡಿ ಹೊಲಿಯುವ ಹೆಂಗಸರು ಸೇರುತ್ತಾರೆಂದು ತಿಳಿಯಿತು. ಗೋದಡಿಯೆಂದರೆ ಗುಜರಾತಿನ ಕೌದಿ. ಧೈರ್ಯ ಮಾಡಿ, ಹೊಲಿದದ್ದನ್ನು ಬಗಲಲ್ಲಿ ಸುತ್ತಿಕೊಂಡು ಹೋದೆ. ಒಳಗೆ ನೋಡಿದರೆ ಅದು ಎಂಜಿನಿಯರಿಂಗ್ ಕಾಲೇಜಿನ ಹಾಗಿತ್ತು. ಅಳತೆಪಟ್ಟಿ, ಬಟ್ಟೆ ಕತ್ತರಿಸುವ ಚಕ್ರ, ಗ್ರಾಫ್ ಹಾಳೆ, ಪ್ರತಿ ಹೊಲಿಗೆಗೂ ಒಮ್ಮೆ ಇಸ್ತ್ರಿ. ತಿಳಿಹಸಿರಿನ ಪಕ್ಕ ಯಾವ ಹಳದಿ ಬರಬೇಕೆಂದು ಇಬ್ಬರು ಮುನಿಸಿಕೊಂಡು ಕೂತಿದ್ದರು. ಎಲ್ಲರೂ ನನ್ನ ಬಗಲಿನ ಗಂಟನ್ನು ನೋಡಿದರು.

‘ಕ್ಯಾ ಲಾಯೇ ಹೋ ಭಾಯಿ?’ ಎಂದು ಕೇಳಿದರು ಜಾಗೃತಿಬೆನ್. ನಾನು ತಂದದ್ದು ಅವ್ವನ ಸೀರೆಗಳ ಇನ್ನೂ ಮುಗಿಯದ ಒಂದು ದೊಡ್ಡ ಕೌದಿ, ಒಂದು ತೊಟ್ಟಿಲ ಕೌದಿ. ನಮ್ಮಲ್ಲಿ ಯಾರಾದರೂ ಹಾಗೆ ಕೇಳಿದರೆ ‘ಏನಿಲ್ರೀ, ಎರಡು ಕೌದಿ’ ಎನ್ನುತ್ತೇವೆ. ಅದನ್ನೇ ಹಿಂದಿಗೆ ತಿರುಗಿಸಿ, ‘ಕುಛ್ ನಹೀ ಬೆನ್, ದೋ ಕೌದಿ ಹೈ’ ಎಂದೆ.

ಎಲ್ಲರೂ ಒಟ್ಟಿಗೆ, ‘ಏವು ನ ಬೋಲೋ ಭಾಯಿ’ ಎಂದರು. ಹಾಗೆನ್ನಬೇಡಿ ಎಂದು ಅರ್ಥ. ಯಾಕೆನ್ನಬಾರದು ಎಂದು ನನಗೆ ತಿಳಿಯಲಿಲ್ಲ. ಒಬ್ಬರು ಚಹಾ ತಂದರು, ಒಬ್ಬರು ಹಪ್ಪಳದಂಥ ಖಾಖ್ರಾ ತಂದರು. ಎಪ್ಪತ್ತು ದಾಟಿದ ಕುಸುಮ್‌ಬೆನ್ ಎಂಬವರಂತೂ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಬೆನ್ನು ಸವರಿದರು. ಗುಜರಾತಿಗಳ ಅತಿಥಿ ಸತ್ಕಾರವೆಂದರೆ ಇದು ಎಂದುಕೊಂಡು ಖಾಖ್ರಾ ತಿಂದೆ.

ಗುಟ್ಟು ಬಿಡಿಸಿದ್ದು ಗಿರಿಜೆ. ವಿನಯದ ಮಾತು ಕೇಳಿ ಬೆರಗಾಗಿದ್ದಳಲ್ಲ, ಬೆನ್ನುಹತ್ತಿ ವಿಚಾರಿಸಿಕೊಂಡು ಬಂದಳು. ಚೀಲ ಕೆಳಗಿಡುವ ಮೊದಲೇ ನಗಲು ಶುರುಮಾಡಿದಳು. ‘ನೀವು ಕೌದಿ ಅಂದದ್ದ ಅವರಿಗೆ ಕೌಡಿ ಅಂತ ಕೇಳಿಸೇದ್ರೀ. ಕೌಡಿ ಅಂದ್ರ ಕವಡಿ. ದೋ ಕೌಡಿ ಅಂದ್ರ ಕವಡೆ ಕಾಸಿನ ಕಿಮ್ಮತ್ತಿಲ್ಲದ್ದು ಅಂತ. ನಿಮ್ಮ ಹೊಲಿಗಿನ ನೀವ ಬೈಕೊಂಡೀರಿ.’ ನಾನು ದ ಎಂದೇ ಅಂದಿದ್ದೆ. ಆದರೆ ದಕ್ಷಿಣದವರ ಬಾಯಲ್ಲಿ ಹಿಂದಿ ನೆಟ್ಟಗೆ ಬರುವುದಿಲ್ಲವೆಂದು ಮೊದಲೇ ನಂಬಿದ್ದ ಆ ಉದಾರಿಗಳು ನನ್ನ ದಕಾರವನ್ನು ತಾವೇ ತಿದ್ದಿಕೊಂಡಿದ್ದರು.

ಮರುಶನಿವಾರವೇ ಹೋಗಿ ಹೀಗಲ್ಲ ಹೀಗೆ ಎಂದು ಹೇಳಬಹುದಾಗಿತ್ತು. ಹೇಳಲೆಂದೇ ಹೋಗಿದ್ದೆ. ಆದರೆ ಬಾಗಿಲಲ್ಲೇ ಜಾಗೃತಿಬೆನ್ ಹೊಸದಾಗಿ ಸೇರಿದವರೊಬ್ಬರಿಗೆ ನನ್ನನ್ನು ತೋರಿಸಿ, ಇಷ್ಟು ಚೆನ್ನಾಗಿ ಹೊಲಿದೂ ತನ್ನದು ಎರಡು ಕವಡೆಯದು ಎನ್ನುತ್ತಾರೆ, ನಾವೆಲ್ಲ ಇವರಿಂದ ಕಲಿಯಬೇಕು ಎಂದರು. ನನ್ನಿಂದ ಯಾರಾದರೂ ಏನಾದರೂ ಕಲಿಯಬೇಕೆಂದು ಅಷ್ಟು ವರ್ಷಗಳ ನೌಕರಿಯಲ್ಲಿ ಯಾರೂ ಅಂದಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ತಲೆ ತಗ್ಗಿಸಿದ್ದು ಮುಜುಗರಕ್ಕೆ, ಅದನ್ನೂ ಅವರು ವಿನಯಕ್ಕೇ ಜಮಾ ಮಾಡಿಕೊಂಡರು.

ಅಲ್ಲಿಂದ ನನ್ನ ಪಾಡು ಯಾರಿಗೂ ಬೇಡ. ವಿನಯವಂತನಿಗೆ ಎರಡನೇ ಕಪ್ ಚಹಾ ಕೇಳಲು ಬರುವುದಿಲ್ಲ. ಪಂಖದ ಕೆಳಗಿನ ಜಾಗ ಹಿಡಿಯಲು ಬರುವುದಿಲ್ಲ. ಬೇರೆಯವರ ನೀಲಿ ಗೋದಡಿ ಬೆಡ್‌ಶೀಟಿನ ಹಾಗಿದೆ ಎಂದು ನಾಲಿಗೆಯ ತುದಿಗೆ ಬಂದರೂ ‘ಬಹುತ್ ಸುಂದರ್’ ಎಂದು ನುಂಗಿಕೊಳ್ಳಬೇಕು. ಶನಿವಾರವಿಡೀ ನುಂಗಿದ್ದನ್ನೆಲ್ಲ ಮನೆಗೆ ಬಂದು ಗಿರಿಜೆಯ ಮುಂದೆ ಕಕ್ಕುತ್ತಿದ್ದೆ. ‘ಅಲ್ಲಿ ಸಂತ, ಇಲ್ಲಿ ಜಗಳಗಂಟ’ ಎಂದು ಅವಳು ಹಪ್ಪಳ ಸುಡುತ್ತ ಕೂತಿರುತ್ತಿದ್ದಳು.

ಅಷ್ಟರಲ್ಲಿ ಅಹಮದಾಬಾದಿನ ಪ್ರದರ್ಶನದ ಸುದ್ದಿ ಬಂತು. ಅಹಮದಾಬಾದ್, ವಡೋದರಾ, ಸೂರತ್, ಮೂರೂ ಊರಿನ ಗೋದಡಿ ಗುಂಪುಗಳು ಸೇರಿ ನಡೆಸುವ ಪ್ರದರ್ಶನ. ಒಂದೊಂದು ಗುಂಪಿನ ಒಂದೊಂದು ಗೋದಡಿ ಮಾತ್ರ ಎದುರಿನ ದೊಡ್ಡ ಗೋಡೆಯ ಮೇಲೆ, ಉಳಿದವು ಮೇಜುಗಳ ಮೇಲೆ. ಅಷ್ಟು ಹೊತ್ತಿಗೆ ಅವ್ವನ ಸೀರೆಗಳ ಕೌದಿ ಮುಗಿದಿತ್ತು. ನಡುವೆ ಕೆಂಪು ಸೆರಗು, ಸುತ್ತ ಅವಳು ದಿನವೂ ಉಡುತ್ತಿದ್ದ ಕಡುನೀಲಿ. ಬಿಚ್ಚಿ ಹೇಳುತ್ತೇನೆ, ನನಗೆ ಆ ಗೋಡೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ರಾತ್ರಿ ಊಟ ಮಾಡುವಾಗಲೂ ನಮ್ಮ ಮನೆಯ ಗೋಡೆಯನ್ನೇ ನೋಡುತ್ತ ಕೂರುತ್ತಿದ್ದೆ. ನಾನು ಮಾಡಿದ್ದೊಂದನ್ನು ನಾಲ್ಕು ಜನ ನಿಂತು ನೋಡಲಿ, ನಮ್ಮ ಅವ್ವನ ಸೆರಗನ್ನು ಆ ದೊಡ್ಡ ಊರಿನವರು ನೋಡಲಿ ಎಂಬ ಆಸೆ.

ಶನಿವಾರ ಜಾಗೃತಿಬೆನ್ ಎಲ್ಲರ ಮುಂದೆ, ‘ಗೋಡೆಗೆ ನಿಮ್ಮದನ್ನೇ ಹಾಕೋಣವೇ ಭಾಯಿ?’ ಎಂದು ಕೇಳಿದರು. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಬಡಿಸಲು ಬಂದಾಗ ಮೊದಲು ‘ಬ್ಯಾಡ್ರೀ’ ಎನ್ನಬೇಕು, ಅವರು ಹಾಕುತ್ತೇನೆನ್ನಬೇಕು, ನಾವು ಕೈ ಅಡ್ಡ ಹಿಡಿಯಬೇಕು, ಅವರು ಕೈಯ ಸಂದಿಯಲ್ಲೇ ಬಡಿಸಬೇಕು. ಗುಜರಾತಿಗಳು ಇದರಲ್ಲಿ ನಮಗಿಂತ ಒಂದು ಕೈ ಮೇಲು. ‘ಆಗ್ರಹ’ ಎಂದು ಅದಕ್ಕೊಂದು ಹೆಸರನ್ನೇ ಇಟ್ಟು, ಬೇಡವೆಂದವನ ಬಾಯಿಗೇ ಜಿಲೇಬಿ ತುರುಕುವ ಜನ. ಈ ಧೈರ್ಯದ ಮೇಲೆ ನಾನು, ‘ಬೇಡ ಬೆನ್, ನನ್ನದೇಕೆ’ ಎಂದು ಕೈ ಅಡ್ಡ ಹಿಡಿದೆ.

‘ಸಾರೂ’ ಎಂದರು ಜಾಗೃತಿಬೆನ್. ಅಂದರೆ, ಸರಿ. ಗುಜರಾತಿಯಲ್ಲಿ ಇದಕ್ಕಿಂತ ಕ್ರೂರವಾದ ಶಬ್ದ ನನಗೆ ಗೊತ್ತಿಲ್ಲ. ‘ಇವರ ಮನಸ್ಸು ನಮಗೆ ಗೊತ್ತಿದೆ, ಒತ್ತಾಯ ಮಾಡಿ ಸಂಕೋಚಕ್ಕೆ ಸಿಕ್ಕಿಸುವುದು ಬೇಡ’ ಎಂದು ಎಲ್ಲರೂ ತಲೆದೂಗಿ, ಗೋಡೆಯನ್ನು ಜಾಗೃತಿಬೆನ್ನರ ಕಮಲದ ಗೋದಡಿಗೆ ಕೊಟ್ಟುಬಿಟ್ಟರು. ನನ್ನ ಕೈ ಇನ್ನೂ ಅಡ್ಡವೇ ಇತ್ತು. ಮನೆಗೆ ಬಂದು ಹೇಳಿದಾಗ ಗಿರಿಜೆ, ‘ಬೇಕು ಅನ್ನಾಕ ಏನಾಗಿತ್ತ ನಿಮಗ’ ಎಂದಳು. ಆ ದಿನ ರೊಟ್ಟಿ ಸೇರಲಿಲ್ಲ.

ಅಹಮದಾಬಾದಿಗೆ ಎಲ್ಲರೂ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದೆವು. ಗಿರಿಜೆಯೂ ಬಂದಳು, ನನ್ನ ಮುಖ ನೋಡಲಿಕ್ಕೆಂದೇ ಬಂದಂತಿತ್ತು. ಕಮಲದ ಗೋದಡಿಗೆ ದೂಳು ಹತ್ತಬಾರದೆಂದು ಅದನ್ನು ನನ್ನ ಕೌದಿಯಲ್ಲಿ ಸುತ್ತಿದರು. ‘ಭಾಯಿ ಏನೂ ಅಂದುಕೊಳ್ಳುವುದಿಲ್ಲ’ ಎಂದರು ಕುಸುಮ್‌ಬೆನ್. ಭಾಯಿ ಏನೂ ಅಂದುಕೊಳ್ಳಲಿಲ್ಲವೆಂದು ನಾನೂ ನಕ್ಕೆ. ಸಭಾಂಗಣದಲ್ಲಿ ಸೂರತ್‌ನವರು ತಂದ ಜರಿ ರೇಷ್ಮೆಯ ಹೊಳಪಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕಮಲ ಗೋಡೆಗೇರಿತು. ಮೇಜುಗಳು ತುಂಬಿದವು. ನನ್ನ ಕೌದಿಯನ್ನು ಮೇಜಿನ ಹಿಂದೆ ನೆಲಕ್ಕೆ ಹಾಸಿ, ಅದರ ಮೇಲೆ ಕೂತು ಎಲ್ಲರೂ ಥೇಪ್ಲಾ ರೊಟ್ಟಿ, ಮಾವಿನ ಛುಂದಾ ತಿಂದರು. ನನಗೂ ಕರೆದು ಕೊಟ್ಟರು. ಅವ್ವನ ಸೆರಗಿನ ಮೇಲೆ ಕೂತು ನಾನೂ ತಿಂದೆ.

ಆಗ, ‘ಅಯ್ಯ ಶಿವನ, ಕೌದಿ ತುಳೀತಾರೇನ್ರೀ’ ಎಂಬ ಮಾತು ಕೇಳಿಸಿತು. ಅದೇ ಊರಿನ ಚಾಂದ್‌ಖೇಡಾದಿಂದ ಪ್ರದರ್ಶನ ನೋಡಲು ಬಂದಿದ್ದ ಗದಗಿನ ಶಾರದಕ್ಕ. ಗಂಡನ ತೈಲ ಕಂಪನಿಯ ನೌಕರಿಯಿಂದಾಗಿ ಅರ್ಧ ಆಯುಷ್ಯ ಇಲ್ಲೇ ಕಳೆದವರು. ಎಲ್ಲರನ್ನೂ ಎಬ್ಬಿಸಿ, ಕೌದಿಯನ್ನು ಕೊಡವಿ, ನಿರರ್ಗಳ ಗುಜರಾತಿಯಲ್ಲಿ, ಇದು ನಮ್ಮ ಕಡೆಯ ಗೋದಡಿ, ಇದರ ಹೆಸರೇ ಕೌದಿ, ಸತ್ತವರ ಸೀರೆ, ಹುಟ್ಟಿದವರ ಕುಲಾವಿ ಎಲ್ಲ ಸೇರಿಸಿ ಹೊಲಿಯುತ್ತೇವೆ ಎಂದು ವಿವರಿಸಿದರು. ಜಾಗೃತಿಬೆನ್ ನನ್ನನ್ನು ನೋಡಿದರು. ಆ ನೋಟದಲ್ಲಿ ಎಷ್ಟೋ ಶನಿವಾರಗಳ ಲೆಕ್ಕ ಒಮ್ಮೆಲೇ ನಡೆದಂತಿತ್ತು. ಆದರೆ ದೊಡ್ಡ ಮನಸ್ಸಿನ ಹೆಂಗಸು. ನೇರ ಹೋಗಿ ತಮ್ಮ ಕಮಲವನ್ನು ಇಳಿಸಿ, ಆ ಜಾಗದಲ್ಲಿ ನನ್ನ ಕೌದಿಯನ್ನು ತೂಗಹಾಕಿದರು.

ದೊಡ್ಡ ದೀಪದ ಬೆಳಕಿನಲ್ಲಿ ಅವ್ವನ ಕೆಂಪು ಸೆರಗು ಉರಿದಂತೆ ಕಂಡಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಶಾರದಕ್ಕ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. ಮೂಲೆಯಿಂದ ಮೂಲೆಗೆ ಹೊಲಿಗೆಯ ಮೇಲೆ ಬೆರಳಾಡಿಸಿದರು. ನಾನು ಮೈಯೆಲ್ಲ ಕಿವಿಯಾಗಿ ನಿಂತೆ.

‘ಕಣ್ಣ ಕಾಣದ ಮುದುಕಿ ಹೊಲದಾಳ ಪಾಪ’ ಎಂದರು ಶಾರದಕ್ಕ. ‘ಕೈ ನಡಗ್ತಿರಬೇಕು. ಸಾಲು ಹೆಂಗ ಸೊಟ್ಟ ಹೊಳ್ಳ್ಯಾವ ನೋಡ್ರಿ. ಆದ್ರೂ ಬಿಟ್ಟಿಲ್ಲ, ಜೀವಾ ಹಿಡದು ಮುಗಿಸ್ಯಾಳ. ಇದಾರೇನ್ರೀ ಇನ್ನೂ?’

‘ಇದಾರ್ರೀ’ ಎಂದೆ. ‘ವಯಸ್ಸಾಗೇದ.’

‘ಅಕ್ಕಾರ, ಆ ಮುದುಕಿ ಇಲ್ಲೇ ನಿಂತಾಳ ನೋಡ್ರಿ’ ಎಂದು ಗಿರಿಜೆ ನನ್ನ ತೋಳು ಹಿಡಿದು ಮುಂದೆ ತಳ್ಳಿದಳು. ಶಾರದಕ್ಕ ನಗಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಕಣ್ಣು ತೋರಿಸ್ಕೋರಿ ತಮ್ಮಾ’ ಎಂದಷ್ಟೇ ಅಂದರು. ಏನು ಮಾತು ಎಂದು ಜಾಗೃತಿಬೆನ್ ಕೇಳಿದ್ದಕ್ಕೆ, ಗಿರಿಜೆ ಒಂದು ಅಕ್ಷರವನ್ನೂ ಬಿಡದೆ ತನ್ನ ಹೊಸ ಗುಜರಾತಿಯಲ್ಲಿ ಎಲ್ಲವನ್ನೂ ಹೇಳಿದಳು. ಅಷ್ಟು ಚೆನ್ನಾಗಿ ಅವಳು ಗುಜರಾತಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮರುಶನಿವಾರ ಹಿಂಜರಿಯುತ್ತಲೇ ಹೋದೆ. ಎಂದಿನಂತೆ ಚಹಾ ಬಂತು. ವಿನಯದ ಮಾತು ಮಾತ್ರ ಮತ್ತೆ ಬರಲಿಲ್ಲ. ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಕಡೆ, ಬೆನ್ನಿಗೊಂದು ದಿಂಬು ಇಟ್ಟ ಕುರ್ಚಿಯಿದೆ, ಅದು ಗುಂಪಿನಲ್ಲೇ ಹಿರಿಯರಾದ ಕುಸುಮ್‌ಬೆನ್ನರ ಜಾಗ. ಅವರು ನನ್ನನ್ನು ನೋಡಿದ್ದೇ ಎದ್ದು ನಿಂತು, ‘ನೀವು ಇಲ್ಲಿ ಕೂತ್ಕೊಳ್ಳಿ ಭಾಯಿ’ ಎಂದು ದಿಂಬು ತಟ್ಟಿ ತೋರಿಸಿದರು. ಈ ಸಲ ಬೇಡವೆನ್ನುವ ಧೈರ್ಯ ನನಗಾಗಲಿಲ್ಲ. ಒಂದೇ ಮಾತಿಗೆ ಹೋಗಿ ಕೂತುಬಿಟ್ಟೆ.