ಹನ್ನೆರಡು ತಿರುವುಗಳ ಡಾಕ್ಟರು

ನನ್ನ ಅಣ್ಣನ ಮಗಳಿಗೆ ಮನುಷ್ಯದೇಹದ ಇನ್ನೂರ ಆರು ಮೂಳೆಗಳ ಹೆಸರೂ ಬಾಯಿಪಾಠ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ವೈದ್ಯಕೀಯ ಓದುವವರಿಗೆಲ್ಲ ಅದು ಬಾಯಿಪಾಠವೇ. ಆದರೆ ಉಳಿದವರು ಮೂಳೆಗಳನ್ನು ಪುಸ್ತಕದಿಂದ ಕಲಿತರೆ, ಈಕೆ ಒಂದೊಂದನ್ನೇ ಬಂಡೆಗೆ ಬಡಿಸಿಕೊಂಡು ಕಲಿತಳು.

ಅವಳಪ್ಪ, ಅಂದರೆ ನನ್ನ ಅಣ್ಣ, ಚಿಕ್ಕಜಾಜೂರಿನಲ್ಲಿ ರೈಲ್ವೆ ನೌಕರ. ಕಾಲೇಜು ಚಿತ್ರದುರ್ಗದಲ್ಲಿ ಇರುವುದರಿಂದ ಮಗಳು ನನ್ನ ಮನೆಯಲ್ಲಿದ್ದಾಳೆ. ಅವಳ ಜೊತೆಗೆ ಅವಳ ಸೈಕಲ್ಲೂ ಇದೆ, ಬೆಟ್ಟ ಹತ್ತಿಳಿಯುವುದಕ್ಕೆಂದೇ ಮಾಡಿದ್ದು. ಅದನ್ನು ಮೊದಲ ಸಲ ನಮ್ಮ ಬೀದಿಯ ಸೈಕಲ್ ರಿಪೇರಿಯ ಮುನೀರ್ ಸಾಹೇಬರಿಗೆ ತೋರಿಸಿದಾಗ ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಹಳ ಸಂಕಟದಿಂದ ಕೇಳಿದರು: "ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಸ್ಟ್ಯಾಂಡಿಲ್ಲ, ಬೆಲ್ಲೂ ಇಲ್ಲ. ಪೂರ್ತಿ ತಯಾರಾಗಾಕೆ ಮುಂಚೇನೇ ಅಂಗಡಿಯಿಂದ ತಂದ್ಬಿಟ್ರೇನಮ್ಮ?"

ತಪ್ಪನ್ನು ತಪ್ಪೆಂದು ಹೆಸರು ಹಿಡಿದು ಕರೆಯಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಈಗಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಶಾಲೆಗಳಿಗೆ ಹೋಗಿ ಹೆಣ್ಣುಮಕ್ಕಳ ಹಕ್ಕುಗಳ ಬಗ್ಗೆ ಮಾತನಾಡುತ್ತೇನೆ. ಆದ್ದರಿಂದ ಈಕೆಯ ಕಥೆಗೆ ಮೊದಲು ಈಕೆಯ ದಾರಿಯ ತಪ್ಪುಗಳನ್ನು ಹೇಳಲೇಬೇಕು. ಈಕೆ ಸೈಕಲ್ ಹತ್ತಿಸುವ ಮದಕರಿಪುರದ ಕಡೆಯ ಗುಡ್ಡದ ಬುಡದಲ್ಲಿ ಮದುವೆಮನೆಗಳ ಎಂಜಲು ತಟ್ಟೆಗಳನ್ನು ತಂದು ಸುರಿಯುವುದು ತಪ್ಪು. ಬಾಟಲಿಗಳನ್ನು ಬಂಡೆಗೆ ಒಡೆದು ಹೋಗುವುದು ಇನ್ನೂ ದೊಡ್ಡ ತಪ್ಪು. ಒಂಟಿಯಾಗಿ ಸೈಕಲ್ ತುಳಿಯುವ ಹುಡುಗಿಯ ಹಿಂದೆ ಇಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದು ಹಾಡು ಹೇಳುವುದಂತೂ ಅಪರಾಧ. ನಾನು ದೂರು ಬರೆಯಲು ಹಾಳೆ ತೆಗೆಯುವಷ್ಟರಲ್ಲಿ ಈಕೆ ಅವರನ್ನು ಮೂರನೆಯ ತಿರುವಿನವರೆಗೂ ಹಾಡಿಸಿಕೊಂಡು ಹೋಗಿದ್ದಳು. ಅಲ್ಲಿಂದಾಚೆಗೆ ಮೋಟಾರ್ ಸೈಕಲ್ ಹತ್ತುವುದಿಲ್ಲ, ತಿರುಗಿಸಲು ಜಾಗವೂ ಇಲ್ಲ. ಇಬ್ಬರೂ ಹಾಡು ನಿಲ್ಲಿಸಿ ಗಾಡಿಯನ್ನು ಹಿಮ್ಮುಖವಾಗಿ ತಳ್ಳಿಕೊಂಡು ಇಳಿದರಂತೆ.

ಆ ಗುಡ್ಡದ ದಾರಿಗೆ ಒಟ್ಟು ಹನ್ನೆರಡು ತಿರುವು. ಮೆದುಳಿನಿಂದ ನೇರವಾಗಿ ಹೊರಡುವ ನರಗಳ ಜೋಡಿಯೂ ಹನ್ನೆರಡೇ ಎಂದು ಮೊದಲ ವರ್ಷದಲ್ಲಿ ಪಾಠ ಮಾಡಿದರು. ಅಷ್ಟೇ ಸಾಕಾಯಿತು. ಒಂದೊಂದು ತಿರುವಿಗೂ ಒಂದೊಂದು ನರವೆಂದು ನಿಶ್ಚಯಿಸಿ, ಗಟ್ಟಿಯಾಗಿ ಪಾಠ ಒಪ್ಪಿಸುತ್ತ ಗುಡ್ಡ ಹತ್ತತೊಡಗಿದಳು. ಏಳನೆಯ ನರ ಮುಖದಲ್ಲಿ ಐದು ಕವಲಾಗುತ್ತದೆಯಂತೆ. ಏಳನೆಯ ತಿರುವಿನಲ್ಲಿ ಮೇಕೆಗಳು ತುಳಿದ ಐದು ಕಾಲುದಾರಿಗಳಿವೆ. ಹತ್ತನೆಯ ನರ ಕತ್ತಿನಿಂದಿಳಿದು ಹೊಟ್ಟೆಯವರೆಗೂ ಅಲೆಯುತ್ತದೆಯಂತೆ. ಹತ್ತನೆಯ ತಿರುವಿನ ಇಳಿಜಾರು ಹಳ್ಳದವರೆಗೂ ಹೋಗುತ್ತದೆ. ದೇಹವನ್ನು ಸೃಷ್ಟಿಸಿದವರೂ ಗುಡ್ಡವನ್ನು ಸೃಷ್ಟಿಸಿದವರೂ ಒಬ್ಬರೇ ಎಂಬುದಕ್ಕೆ ಅವಳಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಏಳನೆಯ ನರದ ಬಗ್ಗೆಯೇ ಕೇಳಿದರು. ಈಕೆ ಉತ್ತರ ಹೇಳುವ ಮೊದಲು ಕುರ್ಚಿಯಲ್ಲಿ ಕುಳಿತಂತೆಯೇ ಬಲಕ್ಕೆ ಇಷ್ಟುದ್ದ ವಾಲಿದಳು.

"ಯಾಕಮ್ಮ, ತಲೆ ಸುತ್ತುತ್ತಾ?"

"ಇಲ್ಲ ಸರ್. ಅಲ್ಲಿ ವಾಲದಿದ್ರೆ ಬೀಳ್ತೀವಿ."

ಉತ್ತರ ಸರಿಯಾಗಿತ್ತು, ಪಾಸಾದಳು. ಈ ಪಾಠ ಅವಳೊಬ್ಬಳಿಗೇ ಉಳಿಯಲಿಲ್ಲವೆಂಬುದು ನಾನೊಮ್ಮೆ ಅವಳು ಮರೆತುಹೋದ ಬುತ್ತಿ ಕೊಡಲು ಗುಡ್ಡದ ಬುಡಕ್ಕೆ ಹೋದಾಗ ತಿಳಿಯಿತು. ಮೇಕೆ ಕಾಯುವ ಹನುಮಕ್ಕ ಕೆಳಗಿನಿಂದ ಕೂಗುತ್ತಿದ್ದಳು: "ಡಾಕ್ಟ್ರವ್ವಾ, ಹತ್ತನೇ ನರದ ತಾವ ನನ್ನ ಕರೇ ಮೇಕೆ ತಪ್ಪಿಸ್ಕಂಡೈತೆ. ಬರ್ತಾ ಹಂಗೇ ಅಟ್ಟಿಸ್ಕಂಡ್ ಬಾ." ಶಾಲೆಯ ಮೆಟ್ಟಿಲು ಹತ್ತದ ಹನುಮಕ್ಕನಿಗೆ ಹನ್ನೆರಡೂ ನರಗಳ ವಿಳಾಸ ಗೊತ್ತು. ಅವಳನ್ನು ಶಾಲೆಗೆ ಕಳಿಸದಿದ್ದುದು ಯಾರ ತಪ್ಪೆಂದು ನಾನು ಅಂದೆಲ್ಲ ಯೋಚಿಸಿದೆ.

ಇನ್ನು ಸ್ಪರ್ಧೆಗಳು. ಮೊದಲ ಸ್ಪರ್ಧೆಯಿಂದ ಕೊರಳಲ್ಲಿ ಕಂಚಿನ ಪದಕ ತೂಗಿಸಿಕೊಂಡು ಬಂದಳು. ನನ್ನ ಕಣ್ಣು ತುಂಬಿತು.

"ಎಷ್ಟು ಜನ ಇದ್ರು?"

"ಗಂಡುಡುಗ್ರು ಬೇಜಾನ್ ಇದ್ರು."

"ಹೆಣ್ಣುಮಕ್ಕಳು?"

"ಮೂರು."

ನಾವಿಬ್ಬರೂ ಸ್ವಲ್ಪ ಹೊತ್ತು ಪದಕವನ್ನೇ ನೋಡಿದೆವು. ಮೂವರಲ್ಲಿ ಮೂರನೆಯವಳಾಗುವುದು ನಗುವ ವಿಷಯವೇ ಇರಬಹುದು. ಆದರೆ ಮೂವರೇ ಏಕೆ ಬಂದರು ಎಂದು ಕೇಳಿದರೆ ಯಾರೂ ನಗಲಾರರು. ನಾನು ಅದನ್ನೇ ಶಾಲೆಗಳಲ್ಲಿ ಕೇಳತೊಡಗಿದೆ. "ನನ್ನ ಸೋದರಸೊಸೆಯನ್ನು ನೋಡಿ" ಎಂದು ಹೇಳುತ್ತಿದ್ದೆ. "ಆಸ್ಪತ್ರೆಯಲ್ಲೂ ಇದ್ದಾಳೆ, ಗುಡ್ಡದ ಮೇಲೂ ಇದ್ದಾಳೆ. ದಣಿವೆಂಬುದು ಅವಳಿಗೆ ಗೊತ್ತೇ ಇಲ್ಲ." ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು.

ಎರಡನೆಯ ವರ್ಷದಲ್ಲಿ ಔಷಧಶಾಸ್ತ್ರದಲ್ಲಿ ಫೇಲಾದಳು. ಔಷಧಗಳು ನೂರಾರು, ಅಷ್ಟು ತಿರುವುಗಳುಳ್ಳ ಗುಡ್ಡ ನಮ್ಮ ಜಿಲ್ಲೆಯಲ್ಲಿಲ್ಲ. ಮರುಪರೀಕ್ಷೆ ಒಂದು ಸೋಮವಾರಕ್ಕೆ ಬಂತು. ಹೊಸದುರ್ಗದ ಗಾಳಿಯಂತ್ರಗಳ ಗುಡ್ಡದ ಮೇಲೆ ಸ್ಪರ್ಧೆಯಿದ್ದದ್ದು ಅದರ ಹಿಂದಿನ ಭಾನುವಾರ. ಅಣ್ಣ ಫೋನು ಮಾಡಿದ.

"ನೋಡವ್ವಾ, ಇನ್ನೊಂದ್ ಸಲ ಫೇಲಾದ್ಲು ಅಂದ್ರೆ ನಾನೇ ಬಂದು ಆ ಸೈಕಲ್ನ ಗುಜರಿಗೆ ಹಾಕ್ತೀನಿ. ಹೇಳ್ಬಿಡು."

"ನಿನ್ನ ಮಗ ಪಿಯುಸಿ ಫೇಲಾದಾಗ ಅವನ ಕ್ರಿಕೆಟ್ ಬ್ಯಾಟು ಗುಜರಿಗೆ ಹೋಯ್ತೇನಣ್ಣಾ?"

"ಅದು ಮರದ್ದು ಕಣವ್ವ, ಗುಜರಿಯೋನು ತಗಳಲ್ಲ."

ಅಣ್ಣನ ತರ್ಕದಲ್ಲಿದ್ದ ಲಿಂಗತಾರತಮ್ಯವನ್ನು ಹತ್ತು ನಿಮಿಷ ವಿವರಿಸಿ ಫೋನಿಟ್ಟೆ. ಅದೇ ವಾರ ಈಕೆ ಗದ್ದ ಸೀಳಿಕೊಂಡು ಬಂದಳು. ಕನ್ನಡಿ ಮುಂದೆ ನಿಂತು ಹೊಲಿಗೆಗಳನ್ನು ಎಣಿಸಿ, "ನಾನೇ ಹಾಕ್ಕೊಂಡಿದ್ರೆ ಇನ್ನೂ ನೀಟಾಗಿ ಬರ್ತಿತ್ತು" ಎಂದು ಹೊಲಿಗೆ ಹಾಕಿದವರನ್ನು ದೂರಿದಳು. ನಾನು ನಕ್ಕೆ. ಮರುದಿನ ಅವಳು ವಾರ್ಡಿಗೆ ಹೋದ ಮೇಲೆ ನಾನು ಮಾಡಿದ ಕೆಲಸವನ್ನೂ ಇಲ್ಲಿ ಹೆಸರು ಹಿಡಿದೇ ಹೇಳಬೇಕು: ಅದು ಕಳವು.

ಆ ಸೈಕಲ್ಲಿನ ಮುಂಚಕ್ರ ಬಿಚ್ಚಲು ಸ್ಪ್ಯಾನರೂ ಬೇಡ. ಒಂದು ಸಣ್ಣ ಹಿಡಿಕೆ ಎಳೆದರೆ ಸಾಕೆಂದು ಅವಳೇ ನನಗೆ ಕಲಿಸಿದ್ದಳು. ಅವಳು ಸ್ಪರ್ಧೆಗೆ ಹೋಗದಿರಲೆಂದು ಚಕ್ರವನ್ನು ಅಟ್ಟದ ಮೇಲೆ ಹಳೆಯ ಚಾಪೆಯಲ್ಲಿ ಸುತ್ತಿಟ್ಟು, ಕಡ್ಡಿ ಸರಿಮಾಡಲು ಮುನೀರ್ ಸಾಹೇಬರು ಒಯ್ದಿದ್ದಾರೆಂದು ಹೇಳಿದೆ. ಸಂಜೆ ಅವಳು ಅವರ ಅಂಗಡಿಗೇ ಹೋಗಿ ಕೇಳಿದ್ದಾಳೆ. ಸಾಹೇಬರಿಗೆ ಏನೂ ಗೊತ್ತಿಲ್ಲ. ಆದರೂ ನನ್ನ ಹೆಸರು ಕೇಳಿದ್ದೇ, "ಹೌದಮ್ಮ, ಐತೆ ಐತೆ, ಟೈಮ್ ಹಿಡಿತೈತೆ" ಎಂದುಬಿಟ್ಟರು. ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ಮೆಲ್ಲಗೆ ಕೇಳಿದರು: "ಮೇಡಮ್ಮೋರೆ, ನನ್ತಾವ ಇರೋದು ಏನು ಅಂತಾನಾದ್ರೂ ಹೇಳ್ರಿ."

ಹೀಗೆ ಎಂಟು ದಿನ ಕಳೆದವು. ಅವಳು ಮತ್ತೆ ಚಕ್ರದ ಸುದ್ದಿ ಎತ್ತಲಿಲ್ಲ. ಪುಸ್ತಕದ ಮುಂದೆ ಕೂರುತ್ತಿದ್ದಳು, ಏಳುತ್ತಿದ್ದಳು. ನನ್ನ ಸುಳ್ಳು ನನಗೇ ನುಂಗಲಾರದ ತುತ್ತಾಯಿತು. ಗುರುವಾರ ರೊಟ್ಟಿ ತಟ್ಟುತ್ತ, ಅವಳ ಮುಖ ನೋಡದೆಯೇ ಶುರುಮಾಡಿದೆ.

"ನಿನ್ನ ಚಕ್ರ..."

"ಅಟ್ಟದ ಮೇಲೈತೆ. ಮೊದಲ್ನೇ ದಿನವೇ ಗೊತ್ತಾತು. ಏಣಿ ಜಾಗ ಬದ್ಲಾಗಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ? ಜಗಳ ಆಡಬೇಕಿತ್ತು ನೀನು. ಅದು ನಿನ್ನ ಹಕ್ಕು."

ಅವಳು ಒಲೆಯ ಪಕ್ಕ ನೆಲದ ಮೇಲೆ ಕುಳಿತಳು.

"ಅತ್ತೆ, ಚಕ್ರ ಇಲ್ಲ ಅಂದಾಗ ನಂಗೆ ಸಿಟ್ಟೇ ಬರ್ಲಿಲ್ಲ. ಅಬ್ಬ ಅನ್ನಿಸ್ತು. ಇನ್ನು ರೇಸಿಗೆ ಹೋಗೋ ಹಂಗಿಲ್ಲ, ನಾನಾಗೇ ಬಿಟ್ಟಿದ್ದೂ ಅಲ್ಲ. ಮೂವತ್ತಾರು ಗಂಟೆ ವಾರ್ಡಲ್ಲಿ ನಿಂತು ಬಂದೋರ್ನ ನೋಡಿದೀನಿ, ಮುಂದೆ ನಾನೂ ಹಂಗೇ ನಿಲ್ಬೇಕು. ಅಪ್ಪಂಗೆ ಡಾಕ್ಟ್ರು ಬೇಕು. ನಿಂಗೆ ಎರಡೂ ಮಾಡೋಳು ಬೇಕು. ಎರಡ್ರಾಗೂ ಮೂರನೇಯೋಳಾಗೇ ಉಳಿದ್ಬಿಟ್ರೆ ಅಂತ ಭಯ ಆಗ್ತೈತೆ. ಸುಸ್ತಾಗೈತೆ ಅತ್ತೆ."

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಇಷ್ಟು ಊರುಗಳ ಶಾಲೆಗಳಲ್ಲಿ ಇಷ್ಟು ಜನರ ತಪ್ಪುಗಳನ್ನು ಹೆಸರಿಸಿದ ನಾನು ನನ್ನ ಮನೆಯೊಳಗಿನದನ್ನು ಕಂಡಿರಲಿಲ್ಲ. ಹುಡುಗಿಯೊಬ್ಬಳನ್ನು ಅಡುಗೆಮನೆಯಲ್ಲಿ ಕೂಡಿಹಾಕುವುದು ಅನ್ಯಾಯವೆನ್ನುತ್ತೇವೆ. ಅವಳನ್ನು ಉದಾಹರಣೆಯೊಂದರೊಳಗೆ ಕೂಡಿಹಾಕಿ, ದಣಿಯುವ ಅವಕಾಶವನ್ನೇ ಕೊಡದೆ ಚಪ್ಪಾಳೆ ತಟ್ಟಿಸುವುದಕ್ಕೆ ಏನೆನ್ನಬೇಕೆಂದು ನನಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಏಣಿ ಹಾಕಿ ಚಕ್ರವನ್ನು ಇಳಿಸಿ ಅವಳ ಪಕ್ಕದಲ್ಲಿಟ್ಟೆ. ಹೋಗೆಂದೂ ಬೇಡವೆಂದೂ ಹೇಳಲಿಲ್ಲ. ಅವಳು ಅದನ್ನು ಸೈಕಲ್ಲಿಗೆ ಜೋಡಿಸಿ, ಒಮ್ಮೆ ತಿರುಗಿಸಿ ನೋಡಿ, ಕೈ ತೊಳೆದು ಊಟಕ್ಕೆ ಬಂದಳು. ಅಂದೇ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ, ನನ್ನ ಕಳವನ್ನೂ ಸೇರಿಸಿ, ಅವಳು ಹೇಳಿದ ಮಾತುಗಳಲ್ಲೇ ಹೇಳಿದೆ. ಅವನು "ಹೂಂ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವನ ಫೋನು ಬಂತು. ಹಿಂದೆ ಗೂಡ್ಸ್ ಗಾಡಿಯೊಂದು ದಡದಡನೆ ಹಾಯುತ್ತಿತ್ತು.

"ಹೊಸದುರ್ಗಕ್ಕೆ ಹೋದ್ಲಾ?"

"ಇಲ್ಲ."

"ಓದ್ತಾ ಕುಂತವಳಾ?"

"ಇಲ್ಲಣ್ಣ. ಇನ್ನೂ ಮಲಗಿದಾಳೆ."

ನಾಳೆ ಪರೀಕ್ಷೆಯಿಟ್ಟುಕೊಂಡು ಹತ್ತು ಗಂಟೆಯವರೆಗೆ ಮಲಗಿದ್ದಾಳೆಂಬುದಕ್ಕೆ ಅವನು ಏನೆನ್ನುವನೋ ಎಂದು, ಉತ್ತರಗಳನ್ನು ಜೋಡಿಸಿಕೊಂಡು ಕಾದೆ. ಗೂಡ್ಸ್ ಗಾಡಿಯ ಸದ್ದು ದೂರವಾಗಿ ನಿಂತಿತು. ಆಮೇಲೆ ಅಷ್ಟು ದೂರದ ಚಿಕ್ಕಜಾಜೂರಿನ ಪ್ಲಾಟ್‌ಫಾರಮ್ಮಿನಲ್ಲಿ ನಿಂತು, ನನ್ನ ಅಣ್ಣ ದನಿ ತಗ್ಗಿಸಿದ.

"ಹಂಗಾದ್ರೆ ಮೆತ್ತಗೆ ಮಾತಾಡವ್ವಾ. ಎಚ್ಚರಾದಾಳು."